ಜಗಲಿಗಿಂತ ತಗ್ಗಿದ ಗಾಡಿ

ಹುಳಿತ ಹಾಲು, ಸಗಣಿ, ಸುಟ್ಟ ಗ್ರೀಸು ಮೂರೂ ಕಲೆತರೆ ಒಂದು ವಾಸನೆ ಹುಟ್ಟುತ್ತದೆ. ಇಷ್ಟು ವರ್ಷ ಕಳೆದರೂ ಯಾವುದಾದರೊಂದು ಗ್ಯಾರೇಜಿನ ಮುಂದೆ ಹೋಗುವಾಗ ಅದರ ಎಳೆಯೊಂದು ಮೂಗಿಗೆ ಬಿದ್ದರೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಿರಬಿರನೆ ನಡೆದುಬಿಡುತ್ತೇನೆ. ಜೊತೆಗಿದ್ದವರು, ಪಾಪ, ಇವರಿಗೆ ಪೆಟ್ರೋಲಿನ ವಾಸನೆ ಆಗುವುದಿಲ್ಲ ಅಂದುಕೊಳ್ಳುತ್ತಾರೆ. ಪೆಟ್ರೋಲು ನನಗೆ ಏನೂ ಮಾಡಿಲ್ಲ. ನನಗೆ ಹೇಸಿಗೆ ಹುಟ್ಟಿಸಿದ್ದು ನಮ್ಮ ಮನೆಯ ಪಿಕಪ್ಪು ಗಾಡಿಯನ್ನು ತಗ್ಗಿಸಿದ ಕಾರಣ. ಆ ಕೆಲಸದಲ್ಲಿ ನನ್ನ ಕೈಯೂ ಇತ್ತು.

ನಾನು ಮದುವೆಯಾಗಿ ಬಂದದ್ದು ಮದ್ದೂರಿನಿಂದ ಕೊಪ್ಪಕ್ಕೆ ಹೋಗುವ ದಾರಿಯ ಒಂದು ಹಳ್ಳಿಗೆ, ಎಪ್ಪತ್ತರ ದಶಕ ಶುರುವಾದ ಹೊಸದರಲ್ಲಿ. ನಮ್ಮ ಯಜಮಾನರು ಮಳವಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುವುದು, ಸೋಮವಾರ ಮೊದಲ ಬಸ್ಸಿಗೆ ಹೋಗುವುದು. ಮಿಕ್ಕ ದಿನ ಮನೆಯಲ್ಲಿ ಮಾವನವರು, ಬಾವನವರು, ನಾನು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಾನು ಹೇಳುತ್ತಿರುವ ವರ್ಷ ಬಾವನವರ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದರು. ಹಾಗಾಗಿ ಒಲೆ, ಕೊಟ್ಟಿಗೆ, ಬಚ್ಚಲು, ಆಳುಗಳ ಊಟ ಎಲ್ಲ ನನ್ನ ತಲೆಗೇ.

ಬಚ್ಚಲಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಬಚ್ಚಲ ನೀರೂ ಕೊಟ್ಟಿಗೆಯ ಗಂಜಲವೂ ಗೋಡೆಯ ಹಿಂದೆ ಒಂದಾಗಿ, ಮನೆಯ ಮುಂದಿನ ಬೀದಿಯನ್ನೇ ಅಡ್ಡ ದಾಟಿ, ಎದುರಿನ ಗುಂಡಿಗೆ ಬೀಳುತ್ತಿತ್ತು. ಆ ಮೋರಿಗೆ ಒಂದು ಕಾಲದಲ್ಲಿ ಚಪ್ಪಡಿ ಹಾಸಿದ್ದರಂತೆ. ನಡುವಿನದು ಮುರಿದು, ಎರಡು ಕಡೆಯ ಕಲ್ಲಿನ ಅಂಚು ಮಾತ್ರ ಹಲ್ಲು ಕಿರಿದ ಹಾಗೆ ಎದ್ದು ನಿಂತಿತ್ತು. ವಾರಕ್ಕೊಮ್ಮೆ ನಾನು ಕಡ್ಡಿ ಪೊರಕೆ ಹಿಡಿದು ಅದನ್ನು ಕೆರೆಯುತ್ತಿದ್ದೆ. ಕೂದಲ ಉಂಡೆ, ಅನ್ನದ ಅಗುಳು, ಸೀಗೆಪುಡಿಯ ಲೋಳೆ, ಬಿಳೀ ಹುಳ. ಕೆರೆದ ದಿನ ನನಗೆ ಅನ್ನ ಸೇರುತ್ತಿರಲಿಲ್ಲ. "ಒಂದು ಚಪ್ಪಡಿ ಹಾಕಿಸಿ ಬಾವ" ಎಂದರೆ, "ಆಕ್ಸಾನ ಬುಡಮ್ಮ, ಈಗೇನ್ ಅವಸ್ರ" ಅನ್ನುತ್ತಿದ್ದರು. ಮಾವನವರ ಜಗಲಿ ಇದ್ದದ್ದು ಸರಿಯಾಗಿ ಆ ಮೋರಿಯ ನೇರಕ್ಕೆ. ಅವರಿಗೆ ಆ ನಾತ ಅಭ್ಯಾಸವಾಗಿಹೋಗಿತ್ತು.

ಮಾವನವರು ಬೆಳಿಗ್ಗೆ ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ಜಗಲಿಯ ಮೇಲೆ ಚಾಪೆ ಹಾಸಿ ಕೂತರೆ ಹತ್ತು ಗಂಟೆಯವರೆಗೆ ಏಳುತ್ತಿರಲಿಲ್ಲ. ಕಾಫಿ ಅಲ್ಲೇ, ಎಲೆ ಅಡಿಕೆ ಅಲ್ಲೇ. ಆ ಹೊತ್ತಿನಲ್ಲಿ ನಾಲೆ ಆಚೆಯ ಕೇರಿಯವರು ಯಾರಾದರೂ ಎತ್ತಿನ ಗಾಡಿಯಲ್ಲಿ ಬಂದರೆ ಅರಳಿಕಟ್ಟೆ ಹತ್ತಿರವೇ ಇಳಿದು, ಕಾಲಿನ ಮೆಟ್ಟು ಕೈಗೆ ತೆಗೆದುಕೊಂಡು, ನಮ್ಮ ಮನೆ ದಾಟುವವರೆಗೆ ನಡೆದು, ಆಮೇಲೆ ಹತ್ತಿಕೊಳ್ಳುತ್ತಿದ್ದರು. ಯಾರೂ ಹಾಗೆ ಮಾಡಿ ಅಂತ ಹೇಳಿದ್ದನ್ನು ನಾನು ಕೇಳಿಲ್ಲ. ಕೇಳಬೇಕಾದ ಅವಶ್ಯಕತೆಯೇ ಇರಲಿಲ್ಲ, ಹಾಗೆ ಮಾಡುತ್ತಿದ್ದರು.

ಇಂಥ ಬೀದಿಗೆ ಬಾವನವರು ಪಿಕಪ್ಪು ತಂದರು. ಶಿವನಸಮುದ್ರದ ಕಡೆಯ ಒಬ್ಬ ಗುತ್ತಿಗೆದಾರರಿಂದ ಕೊಂಡ ಹಳೇ ಗಾಡಿ. ಮುಂದೆ ಇಬ್ಬರು ಕೂರುವ ಗೂಡು, ಹಿಂದೆ ತೆರೆದ ತೊಟ್ಟಿ, ತೊಟ್ಟಿಯ ಎರಡೂ ಮಗ್ಗುಲಿಗೆ ಒಂದೊಂದು ಉದ್ದನೆಯ ಹಲಗೆ. ದಿನಾ ಬೆಳಿಗ್ಗೆ ಊರ ಹಾಲಿನ ಕ್ಯಾನುಗಳನ್ನು ಮದ್ದೂರಿಗೆ ಹೊಡೆಯುವುದು ಅದರ ಕೆಲಸ. ನಾಟಿ ಕಾಲ ಬಂದರೆ ಅದರ ಜೊತೆಗೇ ನಾಲೆ ಆಚೆಯಿಂದ ಹನ್ನೆರಡು ಹೆಣ್ಣಾಳುಗಳನ್ನು ಕೂರಿಸಿಕೊಂಡು ಬಂದು, ನಮ್ಮ ಬೀದಿ ಹಾದು, ಗದ್ದೆಯ ಹತ್ತಿರ ಇಳಿಸಿ ಹೋಗುವುದು. ತೊಟ್ಟಿಯ ನಡುವೆ ಕ್ಯಾನು, ಎರಡು ಕಡೆ ಹಲಗೆಯ ಮೇಲೆ ಹೆಂಗಸರು. ನಡೆದು ಬಂದರೆ ಎರಡು ಮೈಲಿ.

ಆ ಹನ್ನೆರಡು ಜನಕ್ಕೂ ಒಬ್ಬಳು ಯಜಮಾನಿ. ಊರಿಗೆಲ್ಲ ಅವಳು ಮೇಸ್ತ್ರಮ್ಮ. ಐವತ್ತರ ಹತ್ತಿರದ ಹೆಂಗಸು, ನನಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವಳು. ನಾನು ಅವಳನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಈಗ ಬಹುವಚನ ಹಾಕಿ ಬರೆದರೆ ಆಗಿನ ನನ್ನನ್ನು ತೊಳೆದು ತೋರಿಸಿದ ಹಾಗಾಗುತ್ತದೆ. ಆದ್ದರಿಂದ ಆಗ ಅನ್ನುತ್ತಿದ್ದ ಹಾಗೇ ಬರೆಯುತ್ತೇನೆ. ಯಾರ ಗದ್ದೆಗೆ ಯಾವ ದಿನ ಎಷ್ಟು ಜನ ಎಂದು ಗೊತ್ತುಮಾಡುವವಳು ಅವಳೇ. ಅವಳ ಎಡ ಮಂಡಿ ಬೇಲದ ಹಣ್ಣಿನ ಹಾಗೆ ಊದಿಕೊಂಡಿತ್ತು. ಬಗ್ಗಿ ನಾಟಿ ಹಾಕಲು ಮಂಡಿ ಮಡಚಬೇಕಾಗಿಲ್ಲ, ಸೊಂಟ ಗಟ್ಟಿ ಇದ್ದರೆ ಸಾಕು. ನಡೆಯುವುದೇ ಆಗುತ್ತಿರಲಿಲ್ಲ.

"ಗಾಡಿ ಬಂದಿದ್ಕೆ ಈ ವರ್ಸ ಉಳ್ಕಂಡೆ ಕಣವ್ವ" ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದಳು. "ಒಂದ್ ನಾಟಿ ಮನೇಲಿ ಕೂತ್ರೆ ಮೇಸ್ತ್ರಿಕೆ ಇನ್ನೊಬ್ಳ ಸೊಂಟಕ್ಕೆ ಓಯ್ತದೆ. ಆಮೇಕೆ ನಾನು ಸೊಸೆ ಕೈ ನೋಡ್ಕಂಡು ಕೂರ್ಬೇಕು. ಆ ಕೈಯೋ, ಉಪ್ಪಾಕದೂ ಯೋಚ್ನೆ ಮಾಡಿ ಆಕ್ತದೆ."

ಸೊಸೆ ಪಕ್ಕದಲ್ಲೇ ಕೂತಿದ್ದಳು. "ಜಾಸ್ತಿ ಆಕುದ್ರೆ ಮಂಡಿ ಊದ್ತದೆ ಅಂತ ಕಮ್ಮಿ ಆಕ್ತೀನಿ ಕಣತ್ತೆ" ಅಂದಳು. ಎಲ್ಲರೂ ನಕ್ಕರು. ನಾನು ಎತ್ತರದಿಂದ ಅವರ ಬೊಗಸೆಗೆ ನೀರು ಹೊಯ್ಯುತ್ತಾ ನಿಂತಿದ್ದೆ. ನಾನೂ ನಕ್ಕೆ. ಚೊಂಬು ಮಾತ್ರ ಅವರ ಕೈಗೆ ತಾಗದ ಎತ್ತರದಲ್ಲೇ ಇತ್ತು.

ಮೊದಲೆರಡು ದಿನ ಅವರು ಅರಳಿಕಟ್ಟೆ ಹತ್ತಿರ ಪಿಕಪ್ಪಿನಿಂದ ಇಳಿದು ನಡೆದರು. ಮೇಸ್ತ್ರಮ್ಮನಿಗೆ ಇಳಿಯುವುದೂ ಹತ್ತುವುದೂ ನರಕ. ಇಬ್ಬರು ಕೆಳಗಿಂದ ಎತ್ತಬೇಕು, ಒಬ್ಬಳು ಮೇಲಿಂದ ಎಳೆಯಬೇಕು. ಮೂರನೇ ದಿನ ಅವಳು ಇಳಿಯಲಿಲ್ಲ. ಹಲಗೆಯ ಮೇಲೆ ಕೂತೇ ಎರಡೂ ಕೈ ಜೋಡಿಸಿ, "ಮಂಡಿ ಬುದ್ದಿ, ಇಳ್ಯಕಾಗಲ್ಲ" ಅಂತ ಮಾವನವರಿಗೆ ಹೇಳುತ್ತಲೇ ಹಾದುಹೋದಳು. ನಾಲ್ಕನೇ ದಿನ ಯಾರೂ ಇಳಿಯಲಿಲ್ಲ.

ಮಾವನವರು ಕೂಗಾಡಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೋ ಏನೋ. ಅವರು ಕೂಗಾಡಲಿಲ್ಲ. ನಾಟಿಯ ಹೊತ್ತು, ಆಳು ಬೇಕು. ಬಾಯಿ ಬಿಟ್ಟು ಹೇಳುವ ಕಾಲ ಹೋಗಿತ್ತು, ಹೇಳದೆ ಮಾಡಿಸುವ ಕಾಲ ಇನ್ನೂ ಇತ್ತು. ಅವತ್ತು ಅವರು ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿದರು. ಮಾರನೆಯ ದಿನವೂ ಸರಿಸಿದರು. ಬಾವನವರು ಎದುರು ಕೈಕಟ್ಟಿ ನಿಂತು, "ಯಾಕಪ್ಪಾ?" ಎಂದರು.

"ಏನಿಲ್ಲ ಕಣ್ಲಾ. ನಾನು ಕೂತಿವ್ನಿ, ಅವು ನನ್ ತಲೆ ಮ್ಯಾಲೆ ಓಯ್ತಾವೆ. ಮೆಟ್ಟು ಕಾಲು ನನ್ ಮೂತಿ ನೇರಕ್ಕೆ ಬತ್ತವೆ. ಉಣ್ಣು ಅಂದ್ರೆ ಎಂಗ್ಲಾ ಉಣ್ಲಿ?"

"ಬಳಸ್ಕಂಡ್ ಬರನ ಅಂದ್ರೆ ನಾಲೆ ಏರಿ ಮ್ಯಾಲೆ ಗಾಡಿ ಓಗಲ್ಲವಲ್ಲಪ್ಪಾ."

"ನಾನೇನ್ ಬಳಸ್ಕಂಡ್ ಬಾ ಅಂದ್ನಾ?"

ಒಳಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಇಬ್ಬರು ದೊಡ್ಡ ಗಂಡಸರು ಬೀದಿಯ ಎತ್ತರ, ಜಗಲಿಯ ಎತ್ತರ, ಹಲಗೆಯ ಎತ್ತರ ಅಂತ ಲೆಕ್ಕ ಹಾಕುವುದನ್ನು ಕೇಳುತ್ತಿದ್ದೆ. ಹಲಗೆ ಕಿತ್ತರೆ ಕ್ಯಾನಿನ ನಡುವೆ ಜನ ಹಿಡಿಸುವುದಿಲ್ಲ. ಮೇಸ್ತ್ರಮ್ಮ ಅಂತೂ ನೆಲಕ್ಕೆ ಕೂರಲಾರಳು. ಅವಳಿಲ್ಲದೆ ಉಳಿದವರು ಬರುವುದಿಲ್ಲ. ಜಗಲಿಯ ಮೇಲಿಂದ ಇವರು ಎದ್ದು ಒಳಗೆ ಕೂತರೆ ಎಲ್ಲ ಸರಿಹೋಗುತ್ತಿತ್ತು. ಅದೊಂದು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ. ಕೊನೆಗೆ ಬಾವನವರು, "ಗಾಡೀನೇ ತಗ್ಗುಸ್ಬುಡಾನ" ಅಂದರು. ಮಾವನವರು ಅವತ್ತು ಒಂದು ರೊಟ್ಟಿ ತಿಂದರು.

ಅಳತೆ ಆದದ್ದು ಮರುದಿನ ಸಂಜೆ, ಹೆಂಗಸರನ್ನು ವಾಪಸ್ಸು ಬಿಡಲು ಹೋಗುವಾಗ. ಗಾಡಿಯನ್ನು ಜಗಲಿಯ ಎದುರು ಮೋರಿಗಿಂತ ಈಚೆಗೇ ನಿಲ್ಲಿಸಿದರು. ಬಾವನವರು ಒಂದು ಬಿದಿರು ಕೋಲು ತಂದು, ಮಾವನವರ ಪಕ್ಕ ಬೀದಿಯಲ್ಲಿ ನೆಟ್ಟಗೆ ನಿಲ್ಲಿಸಿ, ಅವರ ನೆತ್ತಿಯ ನೇರಕ್ಕೆ ಇದ್ದಿಲಿನ ಗೆರೆ ಎಳೆದರು. ಆಮೇಲೆ ಗಾಡಿಯ ಪಕ್ಕ ಹಿಡಿಯಬೇಕು. ಅಷ್ಟು ಹತ್ತಿರ ಹೋಗುವುದು ಅವರಿಗೆ ಒಗ್ಗುವುದಿಲ್ಲ. "ನೀ ಇಡ್ಕಳಮ್ಮ" ಅಂತ ಕೋಲನ್ನು ನನ್ನ ಕೈಗೆ ಕೊಟ್ಟರು.

ನಾನು ಹಿಡಿದೆ. ಮೇಸ್ತ್ರಮ್ಮನ ನೆತ್ತಿಯ ನೇರಕ್ಕೆ ಗೆರೆ ಎಳೆದೆ. ಅವಳು ಕೋಲನ್ನೂ ನನ್ನನ್ನೂ ನೋಡಿ ನಕ್ಕಳು.

"ಏನವ್ವಾ, ನಂಗೆ ರವಿಕೆ ಒಲಿಸ್ತೀರಾ? ತಲೆ ಅಳ್ದು ರವಿಕೆ ಒಲ್ಯೋ ದರ್ಜೀನ ಈಗ್ಲೇ ಕಂಡಿದ್ದು!"

ಹಿಂದೆ ಮಾವನವರ ಉಸಿರು, ಪಕ್ಕದಲ್ಲಿ ಬಾವನವರ ಕೆಮ್ಮು. ನಾನು ಏನಾದರೊಂದು ಹೇಳಬೇಕಿತ್ತು. "ನಿನ್ ಮಂಡಿಗೇ ಕಣಮ್ಮಿ" ಅಂದೆ. "ಗಾಡಿ ಎತ್ರ ಜಾಸ್ತಿ ಆಯ್ತು. ಹತ್ತಕ್ಕೆ ಸಲೀಸಾಗ್ಲಿ ಅಂತ ಇಳಿಸ್ತಾರಂತೆ."

"ದಿಟವಾ?"

"ದಿಟ."

ಅವಳ ಕಣ್ಣು ಅರಳಿದ್ದನ್ನು ನೋಡಿದೆ. ನೋಡಿ ಕೋಲನ್ನು ಬಾವನವರಿಗೆ ಕೊಟ್ಟು ಒಳಗೆ ಬಂದೆ. ಎರಡು ಗೆರೆಗಳ ನಡುವೆ ಒಂದು ಗೇಣಿಗೆ ಎರಡು ಬೆರಳು ಕಡಿಮೆ ಇತ್ತು.

ಅದಾದ ಎರಡು ದಿನಕ್ಕೆ ಮಂಡ್ಯಕ್ಕೆ ಹೋದೆವು. ನನಗೆ ದವಡೆ ಹಲ್ಲು ಹದಿನೈದು ದಿನದಿಂದ ಕಾಡುತ್ತಿತ್ತು, ಕೀಳಿಸಬೇಕಿತ್ತು. ಗಾಡಿಯ ಕೆಲಸಕ್ಕೆ ಹೋಗುವಾಗಲೇ ಅದೂ ಆಗಲಿ ಅಂತ ಬಾವನವರು ಕರೆದುಕೊಂಡು ಹೊರಟರು. ಹಲ್ಲಿನ ಡಾಕ್ಟರು ಕಿತ್ತು, ಹತ್ತಿಯ ಉಂಡೆ ತುರುಕಿ, ಸಂಜೆಯವರೆಗೆ ಮಾತಾಡಬೇಡಿ ಅಂದರು. ಹನ್ನೊಂದು ಗಂಟೆಗೆ ನಾನು ಗ್ಯಾರೇಜಿನ ಮೂಲೆಯಲ್ಲಿ ಮಗುಚಿ ಹಾಕಿದ ಡಬ್ಬದ ಮೇಲೆ ಕೂತಿದ್ದೆ. ಬಾಯಿ ತುಂಬ ಲವಂಗದೆಣ್ಣೆ, ರಕ್ತ. ನುಂಗಿದರೆ ಓಕರಿಕೆ, ಉಗುಳಲು ಗಂಡಸರ ಜಾಗ.

ಗ್ಯಾರೇಜಿನ ಸಾಬರು ವಯಸ್ಸಾದವರು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದರು. ಬಾವನವರ ಬಯಕೆ ಕೇಳಿ ಕನ್ನಡಕ ಹಣೆಗೆ ಏರಿಸಿದರು.

"ಏರಿಸಕ್ಕೆ ಬರ್ತಾರೆ ಸಾಮಿ. ಇನ್ನೊಂದು ಪಟ್ಟಿ ಹಾಕಿ, ಮತ್ತೊಂದು ಹಾಕಿ, ಲೋಡು ಜಾಸ್ತಿ ಹೊಡೀಬೇಕು ಅಂತಾರೆ. ಇಳಿಸಕ್ಕೆ ಬಂದೋರು ನೀವೇ ಫಸ್ಟು. ಕಬ್ಬು ತುಂಬೋ ಸೀಮೇಲಿ ಗಾಡಿ ಇಳಿಸ್ತಾರಾ ಯಾರಾದ್ರೂ?"

"ಆಲಿನ ಕ್ಯಾನು ಎತ್ತಿಡಕ್ಕೆ ಆಳ್ಗೊಳ್ಗೆ ಕಷ್ಟ ಆಯ್ತದೆ ಸಾಬ್ರೇ. ಅದ್ಕೆ."

"ಕ್ಯಾನು ಎಷ್ಟು?"

"ಆರು."

"ಜನ ಕೂರ್ತಾರಾ?"

ಬಾವನವರು ನನ್ನ ಕಡೆ ಒಮ್ಮೆ ನೋಡಿದರು. "ಜನ ಯಾರ್ ಕೂರ್ತಾರೆ, ಆಲಿನ ಗಾಡೀಲಿ" ಅಂದರು.

ನಿಜ ಹೇಳಲು ಅವರಿಗೆ ನಾಚಿಕೆಯಾಗಿತ್ತು. ಆ ಕೆಲಸ ಮಾಡಿಸಲು ನಾಚಿಕೆಯಾಗಿರಲಿಲ್ಲ. ನನ್ನ ಬಾಯಲ್ಲಿ ಹತ್ತಿ ಇತ್ತು. ಹತ್ತಿ ಇಲ್ಲದಿದ್ದರೆ ಹೇಳಿಬಿಡುತ್ತಿದ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಕೈಯಂತೂ ಖಾಲಿ ಇತ್ತು. ಎತ್ತಿ ಸನ್ನೆ ಮಾಡಬಹುದಿತ್ತು.

ಸಾಬರು ಜಾಕಿ ಕೊಟ್ಟು ಗಾಡಿಯ ಹಿಂಭಾಗ ಎತ್ತಿ ದಿಮ್ಮಿಗಳ ಮೇಲೆ ಕೂರಿಸಿದರು. ಹಿಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ದಪ್ಪ ಕಬ್ಬಿಣದ ಆಕ್ಸಲ್ಲು. ಅದರ ಎರಡು ಕೊನೆಗೂ ಮೇಲ್ಗಡೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಆ ಕಟ್ಟುಗಳ ಮೇಲೆ ಗಾಡಿಯ ಭಾರ. ಕಟ್ಟನ್ನು ಆಕ್ಸಲ್ಲಿನ ಮೇಲಿಂದ ಬಿಚ್ಚಿ ಅದರ ಕೆಳಗಡೆಗೆ ತಂದು ಬಿಗಿದರೆ ಗಾಡಿ ಅಷ್ಟೂ ಕೆಳಗೆ ಕೂರುತ್ತದೆ. ಅದಕ್ಕೆ ಬೇಕಾದ ಹೊಸ ತಟ್ಟೆ, ಉದ್ದನೆಯ ಯು ಬೋಲ್ಟುಗಳನ್ನೆಲ್ಲ ಪಕ್ಕದ ಲೇತಿನವರ ಹತ್ತಿರ ಸೆಟ್ಟು ಮಾಡಿಸಿದರು. ಅದು ಆಗುವುದರೊಳಗೆ ಪಟ್ಟಿಗಳನ್ನು ಬಿಚ್ಚಿ ತೊಳೆಯಬೇಕು ಅಂತ ಗಾಡಿಯ ಕೆಳಗೆ ನುಗ್ಗಿದವರು ತಟ್ಟನೆ ಮುಖ ತಿರುಗಿಸಿಕೊಂಡು ಹೊರಗೆ ಬಂದರು.

"ತೌಬಾ! ಏನ್ ಸಾಮಿ ಇದು, ಗಾಡೀನೋ ಬಚ್ಚಲೋ?"

ಕ್ಯಾನಿನಿಂದ ತುಳುಕಿದ ಹಾಲು ತೊಟ್ಟಿಯ ಬಿರುಕಿನಲ್ಲಿ ಇಳಿದು ಪಟ್ಟಿಗಳ ಸಂದಿಯಲ್ಲಿ ಹೆಪ್ಪುಗಟ್ಟಿತ್ತು. ಅದರ ಮೇಲೆ ನಮ್ಮ ಬೀದಿಯ ಸಗಣಿ, ಮೋರಿಯ ಕೊಚ್ಚೆ, ಹಳೇ ಗ್ರೀಸು. ಸಾಬರು ಚಪ್ಪಟೆ ಕಬ್ಬಿಣದಿಂದ ಕೆರೆದಾಗ ಗಿಣ್ಣಿನಂಥ ಹಳದಿ ಗಡ್ಡೆಗಳು ಬಿದ್ದವು. ಒಂದು ಗಡ್ಡೆ ಒಡೆದು ಹುಳ ಹರಿದವು. ತುಕ್ಕು ಹಿಡಿದ ಬೋಲ್ಟು ಬಿಡದೆ ಬೆಂಕಿ ಹಾಯಿಸಿದರು. ಆಗ ಎಲ್ಲವೂ ಸೇರಿ ಸುಟ್ಟು ಆ ವಾಸನೆ ಎದ್ದಿತು. ನಾನು ಹೊರಗೆ ಓಡಿ ಚರಂಡಿಗೆ ಹತ್ತಿಯುಂಡೆ, ರಕ್ತ ಎಲ್ಲ ಕಾರಿಕೊಂಡೆ. ಬಾವನವರು ಬೆನ್ನ ಹಿಂದಿನಿಂದ, "ಅಲ್ಲು ಕಿತ್ರೆ ಅಂಗೇ ಕಣಮ್ಮ" ಅಂತ ಸಮಾಧಾನ ಹೇಳಿದರು. ಅವರು ಕೆಟ್ಟವರಲ್ಲ. ನನಗೆ ಸೋಡಾ ತಂದುಕೊಟ್ಟರು. ಅದೇ ಕಷ್ಟ.

ಮುಂದಿನ ಚಕ್ರಗಳ ಕಡೆಯಿಂದ ಎರಡೆರಡು ಪಟ್ಟಿ ಕಳಚಿದರು. ಹಿಂದಿನ ಕಟ್ಟಿನಿಂದಲೂ ಒಂದೊಂದು ಕಳಚಿ, "ಆರು ಕ್ಯಾನಿಗೆ ಇಷ್ಟು ಸಾಕು" ಅಂದರು ಸಾಬರು. ಬಾವನವರು ಕೋಲಿನ ಮೇಲಿನ ಎರಡು ಗೆರೆ ನೋಡಿ ತಲೆಯಾಡಿಸಿದರು. ಐದು ಗಂಟೆಗೆ ಗಾಡಿ ನೆಲಕ್ಕೆ ಇಳಿದಾಗ ಮೊಟ್ಟೆ ಇಡಲು ಕೂತ ಕೋಳಿಯ ಹಾಗೆ ಕಾಣುತ್ತಿತ್ತು.

"ನೋಡಿ ಸಾಮಿ" ಅಂತ ಸಾಬರು ಬಗ್ಗಿ ತೋರಿಸಿದರು. "ಪಟ್ಟಿ ಕೆಳಗೆ ಬಂತಲ್ಲ, ಇದೇ ಈಗ ಎಲ್ಲಾದ್ಕಿಂತ ತಗ್ಗು. ಭಾರ ಹಾಕಿದ್ರೆ ಗಾಡಿ ಹೊಟ್ಟೆ, ಸೈಲೆನ್ಸರು ಎಲ್ಲಾ ಇನ್ನೂ ತಗ್ತದೆ. ಕಲ್ಲು, ಗುಂಡಿ ನೋಡ್ಕೊಂಡು ಹೋಗಿ. ಜನ ತುಂಬಬೇಡಿ."

ನನ್ನ ಕಣ್ಣ ಮುಂದೆ ನಮ್ಮ ಮೋರಿಯ ಕಲ್ಲಂಚು ಬಂತು. ಆ ಹೊತ್ತಿಗೆ ಬಾಯಲ್ಲಿ ಹತ್ತಿ ಇರಲಿಲ್ಲ. ನಾನು ಹೋಗಿ ಮುಂದಿನ ಗೂಡಿನಲ್ಲಿ ಕೂತೆ.

ಊರಿಗೆ ಬಂದಾಗ ಮಾವನವರು ಜಗಲಿಯ ಮೇಲೆ ಕಾಯುತ್ತಿದ್ದರು. ಖಾಲಿ ಗಾಡಿ, ಮುಂದೆ ನಾವಿಬ್ಬರು. ಮೋರಿಯನ್ನು ನಿಧಾನವಾಗಿ ದಾಟಿತು. ಬಾವನವರು ಹಿಂದಕ್ಕೆ ಹೋಗಿ ಹಲಗೆಯ ಮೇಲೆ ಕೂತು ತೋರಿಸಿದರು. ಮಗನ ನೆತ್ತಿ ತನ್ನ ನೆತ್ತಿಗಿಂತ ಕೆಳಗಿರುವುದನ್ನು ಮಾವನವರು ತಲೆ ಒಂದಿಷ್ಟೂ ಅಲ್ಲಾಡಿಸದೆ ನೋಡಿದರು. "ಈಗ ಸರೋಯ್ತು" ಅಂದರು. ಅವತ್ತು ಉಪ್ಸಾರಿಗೆ ಎರಡು ಮುದ್ದೆ ಉಂಡರು. ನನಗೆ ಗಂಜಿಯೂ ಇಳಿಯಲಿಲ್ಲ; ಮನೆಯಲ್ಲಿ ಎಲ್ಲರೂ ಹಲ್ಲಿನ ನೋವು ಅಂದುಕೊಂಡರು.

ಮಾರನೆಯ ಬೆಳಿಗ್ಗೆ ಗಾಡಿ ಕ್ಯಾನು ಹೇರಿಕೊಂಡು ನಾಲೆ ಆಚೆ ಹೋಯಿತು. ಮೇಸ್ತ್ರಮ್ಮ ಯಾರ ಕೈಯನ್ನೂ ಹಿಡಿಯದೆ ತಾನೇ ಹತ್ತಿ ಕೂತಳಂತೆ. "ದೊಡ್ಮನೆಯೋರು ನನ್ ಮಂಡಿಗೇ ಅಂತ ಗಾಡಿ ಇಳಿಸವ್ರೆ, ನಿಮ್ ಯಾರ ಮಂಡಿಗಾದ್ರೂ ಐತೇನ್ರಮ್ಮಿ ಈ ಬೆಲೆ?" ಅಂತ ಕೇರಿಯವರ ಮುಂದೆ ಸೊಂಟಕ್ಕೆ ಕೈ ಕೊಟ್ಟು ಹೇಳಿದಳಂತೆ. ಇದನ್ನು ಸೊಸೆ ಆಮೇಲೆ ನನಗೆ ಹೇಳಿದ್ದು. ಗಾಡಿ ನಮ್ಮ ಬೀದಿಗೆ ತಿರುಗಿದಾಗ ನಾನು ಬಾಗಿಲಲ್ಲಿ ಮಾವನವರ ಕಾಫಿ ಲೋಟ ಹಿಡಿದು ನಿಂತಿದ್ದೆ. ಹನ್ನೆರಡು ಹೆಂಗಸರ ಭಾರಕ್ಕೆ ಗಾಡಿ ನೆಲ ನೆಕ್ಕುವ ಹಾಗೆ ಬರುತ್ತಿತ್ತು. ಮೇಸ್ತ್ರಮ್ಮ ದೂರದಿಂದಲೇ ಕೈ ಎತ್ತಿದಳು.

"ಚಿಕ್ಕವ್ವಾ! ನಿನ್ ಒಟ್ಟೆ ತಣ್ಣಗಿರ್ಲಿ ಕಣವ್ವ! ಒಬ್ಳೇ ಅತ್ಕಂಡೆ, ಯಾರ್ ಕೈನೂ ಇಡ್ಕಳಿಲ್ಲ!"

ಮುಂದಿನ ಚಕ್ರ ಮೋರಿಗೆ ಇಳಿದು ಹತ್ತಿತು. ಹಿಂದಿನದು ಇಳಿಯಿತು, ಹತ್ತಲಿಲ್ಲ. ಕಬ್ಬಿಣ ಕಲ್ಲಿಗೆ ಬಡಿದ ಸದ್ದಿಗೆ ಲೋಟದ ಕಾಫಿ ತುಳುಕಿತು. ಬಾವನವರು ಜೋರು ಕೊಟ್ಟರು. ಚಕ್ರ ಕೊಚ್ಚೆಯಲ್ಲಿ ಗಿರ್ರನೆ ಸುತ್ತಿ, ನಮ್ಮದೇ ಬಚ್ಚಲು, ನಮ್ಮದೇ ಗಂಜಲ, ಜಗಲಿಯ ಮೇಲೆ, ಚಾಪೆಯ ಮೇಲೆ, ಮಾವನವರ ಪಂಚೆಯ ಮೇಲೆ ಎರಚಿತು.

ಮಾವನವರು ಎದ್ದು ನಿಂತರು. ಗದ್ದದಿಂದ ಕೊಚ್ಚೆ ತೊಟ್ಟಿಕ್ಕುತ್ತಿತ್ತು. ಇಷ್ಟು ದಿನ ಬಾಯಲ್ಲಿ ಹಿಡಿದಿಟ್ಟಿದ್ದು ಆಚೆ ಬಂತು.

"ಥೂ ನಿನ್ನ! ಇವ್ಳ್ ತಲೆ ತಗ್ಗುಸ್ಲಾ ಅಂದ್ರೆ ಗಾಡೀನ ಮೋರಿಗ್ ತಂದು ಇಳಿಸ್ದಲ್ಲೋ! ನನ್ ಜಗಲಿಗಿಂತ ಎತ್ರದಲ್ಲಿ ಇವ್ಳು ಕೂರ್ಬಾರ್ದು ಅಂದಿದ್ದು, ನನ್ ಮ್ಯಾಕೇ ಎರ್ಚು ಅಂದ್ನಾ?"

ಇಂಜಿನ್ನು ಆಗಲೇ ನಿಂತಿತ್ತು. ಮಾತು ಬೀದಿಗೆಲ್ಲ ಕೇಳಿತು.

ಮೇಸ್ತ್ರಮ್ಮ ಹಲಗೆಯ ಮೇಲೆ ಕೂತಲ್ಲೇ ಮಾವನವರನ್ನು ನೋಡಿದಳು, ಜಗಲಿಯನ್ನು ನೋಡಿದಳು, ತಾನು ಕೂತ ಹಲಗೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಲೋಟವನ್ನು ಸೆರಗಿನಿಂದ ಒರೆಸುತ್ತಿದ್ದೆ.

"ಇಳ್ದು ತಳ್ರಮ್ಮಿ" ಎಂದರು ಬಾವನವರು, ತಲೆ ಎತ್ತದೆ.

"ಇಳೀರಿ" ಅಂದಳು ಮೇಸ್ತ್ರಮ್ಮ. "ತಳ್ಳಾನ. ಗಾಡಿ ಏನ್ ತಪ್ ಮಾಡೈತೆ."

ಹನ್ನೆರಡು ಜನ ಸೀರೆ ಎತ್ತಿ ಕಟ್ಟಿ ಆ ಕೊಚ್ಚೆಗೆ ಇಳಿದರು. ನಾನು ಪೊರಕೆಯ ತುದಿಯಿಂದ ಮುಟ್ಟಲು ಹೇಸುತ್ತಿದ್ದ ಕೊಚ್ಚೆಗೆ. ಮೇಸ್ತ್ರಮ್ಮನ ಊದಿದ ಮಂಡಿ ಅದರೊಳಗೆ ಅರ್ಧ ಮುಳುಗಿತು. ಮೂರು ಸಲ ಉಸಿರು ಕಟ್ಟಿ ತಳ್ಳಿದಾಗ ಗಾಡಿ ಕಲ್ಲು ಕೆರೆದುಕೊಂಡು ಆಚೆಗೆ ಹತ್ತಿತು. ಬಾವನವರು, "ಅತ್ಕಳಿ, ಒತ್ತಾಯ್ತು" ಎಂದರು.

ಅವಳು ಹತ್ತಲಿಲ್ಲ. ತೊಟ್ಟಿಯೊಳಗೆ ಬಿಟ್ಟಿದ್ದ ತನ್ನ ಟೈರಿನ ಮೆಟ್ಟನ್ನು ತೆಗೆದುಕೊಂಡು, ಬೀದಿಯಲ್ಲೇ ನಿಂತು, ಒಂದೊಂದಾಗಿ ಕಾಲಿಗೆ ಹಾಕಿಕೊಂಡಳು. "ನಡೀರಮ್ಮಿ ಮನೆಗೆ" ಅಂದಳು. ಸೊಸೆ ಭುಜ ಕೊಟ್ಟಳು. ಬಂದ ದಾರಿಯಲ್ಲೇ, ಜಗಲಿಯ ಮುಂದಿನಿಂದಲೇ, ಮೆಟ್ಟು ಕಾಲಲ್ಲಿ ಹಾಕಿಕೊಂಡೇ, ಕುಂಟುತ್ತಾ ಎರಡು ಮೈಲಿ ನಡೆಯಲು ಹೊರಟಳು. ಮಾವನವರು ಮುಖ ತೊಳೆಯಲು ಒಳಗೆ ಹೋಗಿದ್ದರು, ನೋಡಲಿಲ್ಲ. ಜಗಲಿ ತೊಳೆಯಲು ನನಗೆ ಒಂಬತ್ತು ಕೊಡ ನೀರು ಬೇಕಾಯಿತು.

ನಾಲ್ಕು ದಿನ ಯಾರೂ ಬರಲಿಲ್ಲ. ಒಟ್ಟಲಿನ ಮಡಿಯಲ್ಲಿ ಸಸಿ ಬಲಿಯುತ್ತಿತ್ತು. ಇನ್ನೊಂದು ವಾರ ಬಿಟ್ಟರೆ ನಾಟಿ ಹಾಕಿಯೂ ಪ್ರಯೋಜನವಿಲ್ಲ. ಐದನೇ ದಿನ ಬಾವನವರು ನನ್ನ ಹತ್ತಿರ ಬಂದು, "ನೀನೊಂದ್ಸಲ ಓಗ್ ಕೇಳಮ್ಮ. ಎಂಗಸ್ರು ಎಂಗಸ್ರು ಮಾತಾಡ್ಕಳಿ" ಅಂದರು.

ನಾಲೆ ಏರಿಯ ಮೇಲೆ ನಡೆದೇ ಹೋದೆ. ಮೇಸ್ತ್ರಮ್ಮ ಮನೆಯ ಮುಂದೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮಂಡಿಯ ಮೇಲೆ ಬಿಸಿ ಮಾಡಿದ ಎಕ್ಕದ ಎಲೆ ಹಾಕಿ ಬಟ್ಟೆ ಸುತ್ತಿದ್ದರು. ಕೊಚ್ಚೆಯಲ್ಲಿ ತರಚಿದ ಜಾಗ ಕೀವಾಗಿ, ಬಟ್ಟೆಯ ಅಂಚಿನಲ್ಲಿ ಹಳದಿ ನೆನೆದಿತ್ತು, ನೊಣ ಕೂತಿದ್ದವು. ಅವಳು ಸೊಸೆಯನ್ನು ಕರೆದು ನನಗೆ ಚಾಪೆ ಹಾಕಿಸಿದಳು. ನಾನು ಕೂರಲಿಲ್ಲ. ಕೂರಬಾರದು ಅಂತ ಅಂದುಕೊಂಡದ್ದೂ ಇಲ್ಲ. ಮೈ ಬಗ್ಗಲಿಲ್ಲ, ಅಷ್ಟೆ.

"ಒಂದ್ ಮಾತ್ ಕೇಳ್ತೀನಿ ಕಣವ್ವ" ಅಂದಳು. ಕೋಪದ ದನಿಯಲ್ಲ, ಇವತ್ತು ಯಾರ ಗದ್ದೆ ಅಂತ ಕೇಳುವ ದನಿ. "ಕೋಲು ಇಡ್ದಾಗ ನಿಂಗೊತ್ತಿತ್ತಾ?"

ಸೊಸೆ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ಅದೊಂದು ಸಲ ನನ್ನಿಂದ ನಿಜ ಬಂತು.

"ಗೊತ್ತಿತ್ತು."

ಮೇಸ್ತ್ರಮ್ಮ ಸೆರಗಿನಿಂದ ನೊಣ ಓಡಿಸಿದಳು. "ಗೊತ್ತಿರ್ನಿಲ್ಲ ಅಂದಿದ್ರೆ ಇವ್ರುನ್ನೆಲ್ಲ ನಾಟಿಗೆ ಕಳಿಸ್ತಿದ್ದೆ" ಅಂದಳು. "ಇನ್ ಓಗವ್ವ. ಬಿಸ್ಲು ಏರ್ತದೆ."

ಆ ವರ್ಷದ ನಾಟಿಗೆ ಅವಳಿಗೆ ನಮ್ಮಲ್ಲಿಗಿರಲಿ, ಯಾರ ಗದ್ದೆಗೂ ಹೋಗಲಾಗಲಿಲ್ಲ. ಗಾಯ ಮಾಯಲು ದೀಪಾವಳಿ ಬಂತು, ಮಂಡಿ ಮಾತ್ರ ಆಮೇಲೂ ನೆಟ್ಟಗಾಗಲಿಲ್ಲ. ಮೇಸ್ತ್ರಿಕೆ ಅವಳೇ ಹೇಳಿದ್ದ ಹಾಗೆ ಬೇರೊಬ್ಬಳಿಗೆ ಹೋಯಿತು, ಸೊಸೆಗೂ ಸಿಗಲಿಲ್ಲ. ನಮ್ಮ ಗದ್ದೆಗೆ ಮಳವಳ್ಳಿ ಕಡೆಯಿಂದ ಆಳು ತಂದು ಬಲಿತ ಸಸಿಯನ್ನೇ ನೆಟ್ಟರು.

ಆದರೆ ನನಗೆ ಬಿಡದೆ ನೆನಪಾಗುವುದು ಅವಳ ಮನೆಗೆ ಹೋಗಿಬಂದ ಆ ಮಧ್ಯಾಹ್ನ. ನಾನು ಮನೆಗೆ ಬಂದು, ಯಾರೂ ಹೇಳದಿದ್ದರೂ, ಹಿತ್ತಲಿನಿಂದಲೇ ಬಚ್ಚಲಿಗೆ ಹೋಗಿ ತಲೆಗೆ ಎರಡು ತಂಬಿಗೆ ನೀರು ಸುರಿದುಕೊಂಡೆ. ಆ ಕೇರಿಗೆ ಹೋಗಿಬಂದರೆ ಹಾಗೆ ಮಾಡುವುದು ನಮ್ಮಲ್ಲಿ ವಾಡಿಕೆ. ಎರಡನೇ ತಂಬಿಗೆ ಸುರಿದ ಮೇಲೆಯೇ ನಾನೇನು ಮಾಡುತ್ತಿದ್ದೇನೆ ಅಂತ ನನಗೆ ಹೊಳೆದದ್ದು. ಒದ್ದೆ ತಲೆಯಲ್ಲೇ ಮಾವನವರಿಗೆ ಎಲೆ ಹಾಕಿದೆ.

"ಏನಂದ್ಲಮ್ಮ?" ಎಂದರು.

"ಮಂಡಿ ನೋವಂತೆ ಮಾವ. ಬರಕ್ಕಾಗಲ್ವಂತೆ."

"ಇನ್ನೇನಾಯ್ತದೆ. ಗಾಡೀಲಿ ಕೂತ್ ಕೂತ್ ಸೋಮಾರಿ ಬಿದ್ದೋಗವೆ" ಅಂದರು ಮಾವನವರು, ಎಲೆಯ ಮೇಲೆ ಸಾರಿಗೆ ಗುಳಿ ತೋಡುತ್ತಾ. ನಾನು ಗುಳಿ ತುಂಬುವಷ್ಟು ಸಾರು ಬಿಟ್ಟೆ. ಮೇಲೆ ತುಪ್ಪ ಕೇಳಿದರು. ಬಡಿಸಿದೆ.